ಮನೆ ಹಿಂದೆ ಬರೆ, ಮುಂದೆ ಮಳೆಗಾಲ: ಯಾವಾಗ ಮನೆ ಬಿಡಬೇಕು?

ಪ್ರಶ್ನೆ: ನಮ್ಮದು ಮಡಿಕೇರಿ ತಾಲ್ಲೂಕು. ಬೆಟ್ಟದ ಇಳಿಜಾರಿನ ಪೈಸಾರಿ, ಅಂದರೆ ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡಿದ್ದೇವೆ. 2018ರಲ್ಲಿ ಆಚೆ ಬದಿಯ ಗುಡ್ಡ ಜರಿಯಿತು, ನಮಗೇನೂ ಆಗಲಿಲ್ಲ. ಆಮೇಲಿಂದ ಪ್ರತಿ ಮಳೆಗಾಲದಲ್ಲೂ 'ಅಪಾಯದ ಜಾಗ, ಮನೆ ಖಾಲಿ ಮಾಡಿ' ಎಂದು ನೋಟಿಸ್ ಬರುತ್ತದೆ. ಮನೆಯಲ್ಲಿ ಇಬ್ಬರು ಮಕ್ಕಳು, ನಡೆಯಲು ಕಷ್ಟಪಡುವ ಅತ್ತೆ, ಎರಡು ಹಸು. ನಮ್ಮ ಯಜಮಾನರಿಗೆ ತೋಟದಲ್ಲಿ ದಿನಗೂಲಿ. ಮೂರು ತಿಂಗಳು ಎಲ್ಲಿಗೆ ಹೋಗುವುದು? ಗುಡ್ಡ ಜರಿಯುವುದು ಮೊದಲೇ ಗೊತ್ತಾಗುತ್ತದಾ? ಮನೆ ಹಿಂದಿನ ಬರೆಗೆ, ಅಂದರೆ ಜಾಗಕ್ಕಾಗಿ ಗುಡ್ಡ ಕಡಿದಾಗ ನೆಟ್ಟಗೆ ನಿಂತ ಮಣ್ಣಿಗೆ, ತಡೆಗೋಡೆ ಕಟ್ಟಿಸಿದರೆ ಸಾಕಾ?

ಉತ್ತರ: ನೇರವಾಗಿಯೇ ಹೇಳಿಬಿಡುತ್ತೇನೆ. ತಡೆಗೋಡೆ ಒಂದೇ ಸಾಕಾಗುವುದಿಲ್ಲ. ಗುಡ್ಡ ಯಾವ ದಿನ, ಎಷ್ಟು ಗಂಟೆಗೆ ಜರಿಯುತ್ತದೆ ಎಂದು ಯಾರಿಂದಲೂ ಹೇಳಲು ಆಗುವುದಿಲ್ಲ. ಆದರೆ ಅಪಾಯ ಯಾವಾಗ ಜಾಸ್ತಿ ಆಗುತ್ತಿದೆ ಎಂಬುದನ್ನು ನಿಮ್ಮ ಅಂಗಳದಲ್ಲೇ ನಿಂತು ತಿಳಿದುಕೊಳ್ಳಬಹುದು. ಇಡೀ ಮಳೆಗಾಲ ಬಿಟ್ಟು ಹೋಗಲೇಬೇಕಾದ ಜಾಗಗಳು ಕೆಲವು ಇವೆ. ಉಳಿದ ಎಷ್ಟೋ ಕಡೆ, ಮಳೆ ವಿಪರೀತವಾದ ಕೆಲವು ದಿನ ಮನೆ ಬಿಟ್ಟರೆ ಜೀವ ಉಳಿಯುತ್ತದೆ. ಆ ದಿನಗಳನ್ನು ಗುರುತಿಸುವುದು ಹೇಗೆ, ಆಗ ಎಲ್ಲಿಗೆ ಹೋಗುವುದು, ಹಸು ಯಾರ ಕೊಟ್ಟಿಗೆಗೆ, ಅತ್ತೆಯನ್ನು ಕರೆದೊಯ್ಯುವವರು ಯಾರು, ಇಷ್ಟನ್ನೂ ಮೇ ತಿಂಗಳಲ್ಲೇ ತೀರ್ಮಾನಿಸಿ ಇಟ್ಟುಕೊಳ್ಳಬೇಕು. ರಾತ್ರಿ ಎರಡು ಗಂಟೆಗೆ, ಕರೆಂಟ್ ಇಲ್ಲದೆ, ಮಳೆಯ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸದಿರುವಾಗ ಇಂಥ ತೀರ್ಮಾನ ಮಾಡಲು ಆಗುವುದಿಲ್ಲ.

'2018ರಲ್ಲಿ ನಮಗೇನೂ ಆಗಲಿಲ್ಲ' ಎಂದು ಬರೆದಿದ್ದೀರಿ. ಈ ಮಾತನ್ನು ದಯವಿಟ್ಟು ಧೈರ್ಯಕ್ಕೆ ಇಟ್ಟುಕೊಳ್ಳಬೇಡಿ. ಆ ವರ್ಷ ಆಗಸ್ಟ್ ನಡುವಿನಲ್ಲಿ, ಆಶ್ಲೇಷ ಮಳೆಯ ಕೊನೆಯಲ್ಲಿ, ಮಕ್ಕಂದೂರು, ಹೆಮ್ಮೆತ್ತಾಳು, ಮುಕ್ಕೋಡ್ಲು, ಕಾಲೂರು, ಮದೆನಾಡು, ಜೋಡುಪಾಲ, ಮೊಣ್ಣಂಗೇರಿ ಹೀಗೆ ಊರಿಗೆ ಊರೇ ಜರಿಯಿತು. ಸುಮಾರು 20 ಜನ ತೀರಿಕೊಂಡರು, ಸಾವಿರಾರು ಜನ ಪರಿಹಾರ ಕೇಂದ್ರ ಸೇರಿದರು. ಅಜ್ಜನ ಕಾಲದಿಂದ ಇಲ್ಲೇ ಇದ್ದೇವೆ, ಗುಡ್ಡ ಒಂದು ಹಿಡಿ ಮಣ್ಣೂ ಬಿಟ್ಟಿಲ್ಲ ಎನ್ನುವ ಮನೆಗಳೂ ಅದರಲ್ಲಿ ಇದ್ದವು. ಒಮ್ಮೆ ಜರಿಯದೆ ಉಳಿದ ಗುಡ್ಡ ಗಟ್ಟಿಯಾಗಿದೆ ಎಂದೇನೂ ಅರ್ಥವಲ್ಲ. ಆ ಮಳೆಗೆ ಒಳಗೊಳಗೇ ಬಿರುಕು ಬಿಟ್ಟು ನಿಂತಿರಲೂಬಹುದು.

ಗುಡ್ಡ ಯಾಕೆ ಜರಿಯುತ್ತದೆ ಎಂಬುದನ್ನು ಸ್ವಲ್ಪ ನೋಡೋಣ. ಯಾಕೆಂದರೆ ನೀವು ಮಾಡಬೇಕಾದ ಕೆಲಸವೆಲ್ಲ ಅದರ ಮೇಲೆಯೇ ನಿಂತಿದೆ. ನಮ್ಮ ಬೆಟ್ಟಗಳಲ್ಲಿ ಮೇಲೆ ಮಣ್ಣು, ಕೆಳಗೆ ಗಟ್ಟಿ ಬಂಡೆ. ಎಷ್ಟೋ ಕಡೆ ಇವೆರಡರ ನಡುವೆ ಬಂಡೆ ಕೊಳೆತು ಆದ ಬಿಳಿ ಅಥವಾ ಹಳದಿ ಬಣ್ಣದ ಮೆತ್ತನೆ ಮಣ್ಣಿನ ಪದರ ಇರುತ್ತದೆ. ಕರಾವಳಿಯಲ್ಲಿ ಜಂಬಿಟ್ಟಿಗೆಯ ಕೆಳಗೆ ಸಿಗುವ ಇಂಥದೇ ಮಣ್ಣಿಗೆ ಶೇಡಿ ಮಣ್ಣು ಎನ್ನುತ್ತಾರೆ. ಒಣಗಿದ್ದಾಗ ಗಟ್ಟಿ, ನೆನೆದರೆ ಜಾರು. ಜೂನ್, ಜುಲೈ ಮಳೆ ಮಣ್ಣಿನೊಳಗೆ ಇಳಿಯುತ್ತಾ ಹೋಗುತ್ತದೆ. ಬಂಡೆ ಸಿಕ್ಕಿದ ಮೇಲೆ ಮುಂದೆ ಇಳಿಯಲು ದಾರಿ ಇಲ್ಲ. ನೀರು ಅಲ್ಲೇ ತುಂಬಿ, ಒಳಗಿನಿಂದ ಮಣ್ಣನ್ನು ಮೇಲಕ್ಕೆ ಒತ್ತುತ್ತದೆ. ಮಣ್ಣಿಗೂ ಬಂಡೆಗೂ ಇದ್ದ ಹಿಡಿತ ಸಡಿಲಾಗುತ್ತದೆ. ಹೀಗಿರುವಾಗ ಎರಡು ಮೂರು ದಿನ ಬಿಡದೆ ಜಡಿಮಳೆ ಬಂದರೆ ಮುಗಿಯಿತು. 2018ರ ನಂತರ ಪರಿಶೀಲನೆ ಮಾಡಿದ ಜಿಎಸ್‌ಐ, ಅಂದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಮಳೆಯ ಜೊತೆಗೆ ಮನುಷ್ಯರ ಕೈವಾಡವನ್ನೂ ಹೆಸರಿಸಿತು. ರಸ್ತೆಗೆ, ಮನೆಗೆ, ಹೋಂಸ್ಟೇಗೆ ಎಂದು ಇಳಿಜಾರಿನ ಬುಡವನ್ನು ನೆಟ್ಟಗೆ ಕಡಿದದ್ದು, ನೀರು ಹರಿಯುವ ಸಹಜ ದಾರಿಗಳನ್ನು ಮುಚ್ಚಿದ್ದು.

ಮಳೆಯ ಸ್ವಭಾವವೂ ಬದಲಾಗುತ್ತಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳುತ್ತದೆ. ಅರಬ್ಬಿ ಸಮುದ್ರ ಬಿಸಿಯೇರುತ್ತಿದೆ. ಹಾಗಾಗಿ ವಾರವೆಲ್ಲ ಸುರಿಯಬೇಕಾದ ಮಳೆ ಎರಡೇ ದಿನದಲ್ಲಿ ಸುರಿಯುವುದು ಇನ್ನೂ ಜಾಸ್ತಿ ಆಗುತ್ತದೆ. ಮಳೆಯನ್ನು ನಾವು ತಡೆಯಲಾರೆವು. ಬರೆಯ ಬುಡ ಮತ್ತು ನೀರಿನ ದಾರಿ ನಮ್ಮ ಕೈಯಲ್ಲಿದೆ.

ಈಗ ನಿಮ್ಮ ಮನೆಗೆ ಬರೋಣ. ನಿಮಗೆ ಎರಡು ಬೇರೆ ಬೇರೆ ಅಪಾಯಗಳಿವೆ, ಅವನ್ನು ಒಂದೇ ಎಂದುಕೊಳ್ಳಬೇಡಿ. ಒಂದು, ಮನೆಗೆ ಜಾಗ ಮಾಡಲು ಕಡಿದ ಹಿಂದಿನ ಬರೆ ಕುಸಿಯುವುದು. ಹತ್ತು ಹದಿನೈದು ಅಡಿ ಎತ್ತರದ್ದು, ಅಡುಗೆಮನೆ ಗೋಡೆಗೆ ಬಂದು ಬಡಿಯುವಂಥದ್ದು. ಇನ್ನೊಂದು, ಎಲ್ಲೋ ಮೇಲೆ ಬೆಟ್ಟದ ತಲೆಯಲ್ಲಿ ಶುರುವಾಗಿ ಮರ, ಬಂಡೆ, ಕೆಸರು ಎಲ್ಲವನ್ನೂ ಹೊತ್ತುಕೊಂಡು ತೋಡಿನ (ಹಳ್ಳದ) ಗುಂಟ ಇಳಿದು ಬರುವ ದೊಡ್ಡ ಜರಿತ. ತಡೆಗೋಡೆಗೆ ತಡೆಯಲು ಆಗುವುದು ಮೊದಲನೆಯದನ್ನು ಮಾತ್ರ. ಎರಡನೆಯದರ ಮುಂದೆ ಯಾವ ಗೋಡೆಯೂ ನಿಲ್ಲುವುದಿಲ್ಲ. ಅದಕ್ಕೆ ಇರುವ ಮದ್ದು ಒಂದೇ: ಅದು ಬರುವಾಗ ನೀವು ಅಲ್ಲಿ ಇರಬಾರದು.

ಯಾವ ಅಪಾಯ ನಿಮಗೆ ಎಷ್ಟಿದೆ ಎಂದು ತಿಳಿಯಲು, ಮೊದಲ ಜೋರು ಮಳೆ ಬಂದ ದಿನ ಹಗಲು ಹೊತ್ತಿನಲ್ಲಿ ಛತ್ರಿ ಹಿಡಿದು ಮನೆಯ ಸುತ್ತ ಒಂದು ಸುತ್ತು ಬನ್ನಿ. ಬೇಸಿಗೆಯಲ್ಲಿ ಎಷ್ಟು ನೋಡಿದರೂ ಕಾಣದ್ದು ಮಳೆಯಲ್ಲಿ ಹತ್ತು ನಿಮಿಷದಲ್ಲಿ ಕಾಣುತ್ತದೆ. ಮಾಡಿನ (ಛಾವಣಿಯ) ನೀರು ಎಲ್ಲಿ ಬೀಳುತ್ತಿದೆ? ಸೀದಾ ಬರೆಯ ಬುಡಕ್ಕೆ ಬಿದ್ದು ಅಲ್ಲೇ ಇಂಗುತ್ತಿದ್ದರೆ ಅದನ್ನು ಮೊದಲು ನಿಲ್ಲಿಸಿ. ಪಿವಿಸಿ ಪೈಪೋ ಅಡಿಕೆ ದಂಬೆಯೋ ಕಟ್ಟಿ ದೂರಕ್ಕೆ ಸಾಗಿಸಿ. ಬಚ್ಚಲಿನ ನೀರು, ಪಾಯಿಖಾನೆ ಗುಂಡಿ ಎಲ್ಲಿವೆ? ಬರೆಯ ತಲೆಯ ಮೇಲೆ ಇದ್ದರೆ ವರ್ಷವಿಡೀ ಆ ಮಣ್ಣಿಗೆ ನೀರು ಕುಡಿಸುತ್ತಿದ್ದೀರಿ ಎಂದೇ ಅರ್ಥ. ಮೇಲಿನ ರಸ್ತೆಯ ಚರಂಡಿ ಕಸ ಕಟ್ಟಿ ನಿಮ್ಮ ಕಡೆಗೆ ತಿರುಗಿದೆಯಾ? ಬರೆಯ ತಲೆಯಿಂದ ಕೆಲವು ಅಡಿ ಹಿಂದಕ್ಕೆ, ನೀರು ಅಡ್ಡಕ್ಕೆ ಹರಿದು ಪಕ್ಕದ ತೋಡು ಸೇರುವ ಹಾಗೆ ಒಂದು ಕಣಿ (ಸಣ್ಣ ಕಾಲುವೆ) ತೆಗೆಯಿರಿ. ಕಣಿಯಲ್ಲಿ ನೀರು ನಿಲ್ಲಬಾರದು, ಓಡಬೇಕು. ನಿಂತರೆ ಕಣಿಯೇ ಶತ್ರು. ಸಾಧ್ಯವಾದರೆ ತಳಕ್ಕೆ ಸಿಮೆಂಟ್ ಅಥವಾ ದಪ್ಪ ಪ್ಲಾಸ್ಟಿಕ್ ಹಾಸಿ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಇಂಗು ಗುಂಡಿ ತೋಡಿ, ನೀರು ಉಳಿಸಿ ಎಂದು ಎಲ್ಲೆಡೆ ಹೇಳುತ್ತಾರೆ. ಬಯಲುಸೀಮೆಗೆ ಅದು ಸರಿ. ಕಡಿದಾದ ಇಳಿಜಾರಿನಲ್ಲಿ, ಅದೂ ಮನೆಗಳ ಮೇಲ್ಭಾಗದಲ್ಲಿ, ಇಂಗು ಗುಂಡಿಯೂ ಬೇಡ, ಹೊಸ ಕೆರೆಯೂ ಬೇಡ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡ ಕುಸಿದು ಐವರು ಸತ್ತಾಗ, ಬೆಟ್ಟದ ಮೇಲೆ ತೋಡಿದ್ದ ಇಂಗು ಗುಂಡಿಗಳ ಬಗ್ಗೆ ಕೊಡಗಿನಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ನಿಮ್ಮ ಮೇಲಿನ ಕಾಫಿ ತೋಟದಲ್ಲಿ ನೀರು ಇಂಗಿಸಲು ತೊಟ್ಟಿಲು ಗುಂಡಿ ತೆಗೆದಿದ್ದರೆ ತೋಟದವರ ಬಳಿ ಮಾತನಾಡಿ. ಇಳಿಜಾರು ಕಡಿದಾಗಿರುವ ಭಾಗದಲ್ಲಾದರೂ ಮುಚ್ಚಿಸಿ. ಕೇಳಲು ಮುಜುಗರವಾದರೆ ಪಂಚಾಯಿತಿ ಸದಸ್ಯರನ್ನು ಜೊತೆಗೆ ಕರೆದುಕೊಂಡು ಹೋಗಿ.

ತಡೆಗೋಡೆ ಕಟ್ಟಿಸುವುದೇ ಆದರೆ ಒಂದು ವಿಷಯ ನೆನಪಿರಲಿ. ಗೋಡೆಯನ್ನು ಬೀಳಿಸುವುದು ಹೆಚ್ಚಾಗಿ ಅದರ ಹಿಂದೆ ಕಟ್ಟಿಕೊಂಡ ನೀರು. ಕಾಂಕ್ರೀಟ್ ಗೋಡೆ ನುಣ್ಣಗೆ, ಒಂದು ತೂತೂ ಇಲ್ಲದೆ ಚೆಂದ ಕಾಣುತ್ತದೆ. ಎರಡು ಮಳೆಗಾಲಕ್ಕೆ ಹೊಟ್ಟೆ ಉಬ್ಬಿಸಿಕೊಂಡು ಬಾಗುತ್ತದೆ. ಗೋಡೆಯ ಉದ್ದಕ್ಕೂ ಸಾಲಾಗಿ ಪೈಪ್ ಬಿಡಬೇಕು, ಗೋಡೆಗೂ ಮಣ್ಣಿಗೂ ನಡುವೆ ಜಲ್ಲಿ ತುಂಬಬೇಕು, ನೀರು ಹೊರಗೆ ಬರುತ್ತಿರಬೇಕು. ಪೈಪಿನಿಂದ ನೀರು ಬಂದರೆ ಹೆದರಬೇಡಿ, ಜೋರು ಮಳೆಯಲ್ಲೂ ಬರದಿದ್ದರೆ ಕಟ್ಟಿಕೊಂಡಿದೆಯಾ ಎಂದು ನೋಡಿ. ಸಿಮೆಂಟ್ ಹಾಕದೆ ಕಾಡುಗಲ್ಲು ಜೋಡಿಸಿದ ಹಳೇ ಥರದ ಕಟ್ಟೆ, ತಂತಿಬಲೆಯಲ್ಲಿ ಕಲ್ಲು ತುಂಬಿದ ಗೋಡೆ, ಇವು ನೀರನ್ನು ತಾವೇ ಬಿಟ್ಟುಕೊಡುತ್ತವೆ. ಸಾಲ ಮಾಡಿ ಎತ್ತರದ ಗೋಡೆ ಕಟ್ಟಿಸುವ ಮೊದಲು ಇಂಜಿನಿಯರ್ ಒಬ್ಬರಿಗೆ ಜಾಗ ತೋರಿಸಿ. ನನ್ನನ್ನು ಕೇಳಿದರೆ, ನಿಮ್ಮ ಹತ್ತಿರ ಇರುವ ದುಡ್ಡಿಗೆ ನೀರು ತಿರುಗಿಸುವ ಕೆಲಸವೇ ಮೊದಲು, ಗೋಡೆ ಆಮೇಲೆ. ಲಾವಂಚ ನೆಟ್ಟರೆ ಮೇಲ್ಮಣ್ಣು ಕೊಚ್ಚಿ ಹೋಗುವುದು ಕಡಿಮೆಯಾಗುತ್ತದೆ, ನೆಡಿ. ಆಳದಿಂದ ಜಾರುವ ಗುಡ್ಡವನ್ನು ಅದು ಹಿಡಿಯಲಾರದು. ಮತ್ತೆ, ಮಳೆಗಾಲ ಮುಗಿಯುವವರೆಗೆ ಬರೆ ಕಡೆಯ ಕೋಣೆಯಲ್ಲಿ ಯಾರೂ ಮಲಗಬೇಡಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಬರೆ ಕುಸಿದು ಸಾಯುವವರಲ್ಲಿ ಎಷ್ಟೋ ಜನ ಗೋಡೆ ಪಕ್ಕ ನಿದ್ದೆಯಲ್ಲಿದ್ದವರೇ.

ಮುನ್ಸೂಚನೆಯ ವಿಷಯ. ಮನೆಯಿಂದ ಮೇಲಕ್ಕೆ, ಕಾಲು ಹೋಗುವಷ್ಟು ದೂರ ನಡೆದು ನೆಲದಲ್ಲಿ ಬಿರುಕು ಇದೆಯಾ ನೋಡಿ. ಇಳಿಜಾರಿಗೆ ಅಡ್ಡವಾಗಿ, ಬಿಲ್ಲಿನಂತೆ ಬಾಗಿದ ಬಿರುಕು ಎಲ್ಲಕ್ಕಿಂತ ಕೆಟ್ಟದ್ದು. ಸಿಕ್ಕರೆ ಅದರ ಎರಡೂ ಬದಿಗೆ ಒಂದೊಂದು ಗೂಟ ಹೊಡೆದು, ನಡುವಿನ ಅಂತರವನ್ನು ಟೇಪಿನಲ್ಲಿ ಅಳೆದು ಬರೆದಿಡಿ. ಆಮೇಲೆ ಬಿರುಕಿಗೆ ಜಿಗುಟು ಮಣ್ಣು ತುಂಬಿ ತುಳಿದು, ಮೇಲೆ ಟಾರ್ಪಾಲು ಹಾಸಿ. ಮಳೆ ನೀರು ಅದರೊಳಗೆ ನುಗ್ಗಬಾರದು. ಮನೆ ಗೋಡೆಯ ಬಿರುಕಿಗೂ ಇದೇ ಕ್ರಮ: ಬಿರುಕು ಎಲ್ಲಿಗೆ ಮುಗಿದಿದೆಯೋ ಅಲ್ಲಿ ಪೆನ್ಸಿಲ್‌ನಿಂದ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಹಳೇ ಬಿರುಕು ಹಳೇ ಗೆರೆಯಲ್ಲೇ ನಿಂತಿದ್ದರೆ ಸರಿ. ಗೆರೆ ದಾಟಿ ಮುಂದೆ ಹೋಗಿದ್ದರೆ, ಗೂಟಗಳ ಅಂತರ ಹೆಚ್ಚಿದ್ದರೆ, ಗುಡ್ಡ ನಡೆಯುತ್ತಿದೆ ಎಂದೇ ತಿಳಿಯಿರಿ. ಆಗ ಮಳೆ ಕಡಿಮೆ ಇದ್ದರೂ ಮನೆ ಬಿಡಿ.

ಇನ್ನೂ ಕೆಲವು ಗುರುತುಗಳಿವೆ. ನಿನ್ನೆವರೆಗೆ ಸರಾಗವಾಗಿ ಹಾಕಿಕೊಳ್ಳುತ್ತಿದ್ದ ಬಾಗಿಲು ಇದ್ದಕ್ಕಿದ್ದ ಹಾಗೆ ಚೌಕಟ್ಟಿಗೆ ಕಚ್ಚಿಕೊಳ್ಳುವುದು. ಲೈಟು ಕಂಬ, ಬೇಲಿಗೂಟ, ಸಿಲ್ವರ್ ಮರಗಳು ಒಂದೇ ಕಡೆಗೆ ವಾಲುವುದು. ಎಂದೂ ಇಲ್ಲದ ಜಾಗದಲ್ಲಿ ಒರತೆ ಏಳುವುದು, ತಿಳಿಯಾಗಿ ಬರುತ್ತಿದ್ದ ಒರತೆ ಕೆಂಪಗೆ ಕದಡುವುದು. ಎಲ್ಲಕ್ಕಿಂತ ಭಯ ಪಡಬೇಕಾದದ್ದು ಒಂದಿದೆ: ಮಳೆ ಜೋರಾಗಿ ಸುರಿಯುತ್ತಲೇ ಇದೆ, ಆದರೆ ಮನೆ ಪಕ್ಕದ ತೋಡಿನ ನೀರು ದಿಢೀರನೆ ಇಳಿದುಹೋಯಿತು. ಹಾಗಾದರೆ ಮೇಲೆ ಎಲ್ಲೋ ಮಣ್ಣು ಬಿದ್ದು ನೀರು ಕಟ್ಟಿದೆ. ಅದು ಒಡೆದುಕೊಂಡು ಬರುತ್ತದೆ. ಆಗ ಸಾಮಾನು ಹುಡುಕುತ್ತಾ ನಿಲ್ಲಬೇಡಿ. ಮಕ್ಕಳನ್ನೂ ಅತ್ತೆಯನ್ನೂ ಕರೆದುಕೊಂಡು ತೋಡಿನಿಂದ ಪಕ್ಕಕ್ಕೆ, ಎತ್ತರಕ್ಕೆ ಹೋಗಿ. ತೋಡಿನ ಗುಂಟ ಕೆಳಕ್ಕೆ ಓಡಬೇಡಿ.

ಗುರುತು ಕಾಣುವವರೆಗೂ ಕಾಯಬೇಕೆಂದಿಲ್ಲ, ಮಳೆಯನ್ನೇ ಅಳೆಯಬಹುದು. ಮೇಲಿಂದ ಕೆಳಗಿನವರೆಗೆ ಒಂದೇ ಅಗಲ ಇರುವ, ತಳ ಸಪಾಟಾದ ಡಬ್ಬಿಯನ್ನು ಮರದ ನೆರಳಿಲ್ಲದ ಕಡೆ ನೆಲದಿಂದ ಸ್ವಲ್ಪ ಎತ್ತರದಲ್ಲಿ ಇಡಿ. ದಿನಾ ಬೆಳಗ್ಗೆ ಎಂಟೂವರೆಗೆ ಮಕ್ಕಳ ಸ್ಕೇಲು ಇಳಿಸಿ ನೋಡಿ, ಬರೆದು, ನೀರು ಚೆಲ್ಲಿ. ಒಂದು ಸೆಂಟಿಮೀಟರ್ ನೀರು ಎಂದರೆ 10 ಮಿ.ಮೀ. ಮಳೆ. ಮಕ್ಕಳಿಗೇ ಈ ಕೆಲಸ ಕೊಡಿ, ಅವರು ಮರೆಯುವುದಿಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ. 204.4 ದಾಟಿದರೆ ಅದಕ್ಕೂ ಮೇಲಿನ ದರ್ಜೆ. ಕೊಡಗಿನಲ್ಲಿ ಮೊದಲ ದರ್ಜೆಯ ಮಳೆ ಹೊಸದೇನಲ್ಲ. ನಾನು ಹೇಳುವ ಕ್ರಮ ಇದು: ಮೊದಲೇ ಮಳೆ ಹಿಡಿದು ನೆಲ ನೆನೆದಿರುವಾಗ ಒಂದು ದಿನ ಸುಮಾರು 12 ಸೆಂಟಿಮೀಟರ್ ಬಿದ್ದರೆ ಗಂಟು ಕಟ್ಟಿಡಿ, ಅತ್ತೆಯನ್ನೂ ಹಸುಗಳನ್ನೂ ಅಂದೇ ಸಾಗಿಸಿ. ಮಳೆ ಬಿಡುವ ಲಕ್ಷಣ ಇಲ್ಲದಿದ್ದರೆ ಅಂದು ಕತ್ತಲಾಗುವ ಮೊದಲೇ ಉಳಿದವರೂ ಹೊರಡಿ. ಇದು ಎಚ್ಚರಿಕೆಯ ಕಡೆಗೆ ವಾಲಿದ ಲೆಕ್ಕ. ನಾಲ್ಕು ಸಲ ಸುಮ್ನೆ ಹೋಗಿ ಬಂದ ಹಾಗೆ ಆಗಬಹುದು. ಆಗಲಿ, ಪರವಾಗಿಲ್ಲ.

ಅಲರ್ಟ್ ಬರುತ್ತಲ್ವಾ, ಅದು ಸಾಲದಾ ಎಂದು ಕೇಳಬಹುದು. ಅಲರ್ಟ್ ಇಡೀ ಜಿಲ್ಲೆಗೆ ಕೊಡುವಂಥದ್ದು, ನಿಮ್ಮ ಗುಡ್ಡಕ್ಕಲ್ಲ. 2024ರ ಜುಲೈ 30ರ ನಡುರಾತ್ರಿ ಕೇರಳದ ವಯನಾಡಿನ ಮುಂಡಕೈ, ಚೂರಲ್‌ಮಲದಲ್ಲಿ ಗುಡ್ಡ ಜರಿದಾಗ ಏನಾಯಿತು ನೋಡಿ. ಹಿಂದಿನ ದಿನ ಜಿಲ್ಲೆಗೆ ಇದ್ದದ್ದು ಆರೆಂಜ್ ಅಲರ್ಟ್, ರೆಡ್‌ಗಿಂತ ಒಂದು ಮೆಟ್ಟಿಲು ಕೆಳಗಿನದು. ಆ ಜಾಗದಲ್ಲಿ ಬಿದ್ದದ್ದು 48 ಗಂಟೆಯಲ್ಲಿ 572 ಮಿ.ಮೀ. ಕಲ್ಪೆಟ್ಟದ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ಊರೂರಲ್ಲಿ ಮಳೆಮಾಪಕ ಇಟ್ಟು ಜನರಿಂದಲೇ ಲೆಕ್ಕ ತರಿಸುತ್ತದೆ. ಅದು ಹಿಂದಿನ ದಿನ ಬೆಳಗ್ಗೆಯೇ ಆಡಳಿತಕ್ಕೆ ಎಚ್ಚರಿಕೆ ಕೊಟ್ಟಿತ್ತು. ಹತ್ತಿರದ ಮಳೆ ಅಳತೆ ದೂರದ ಅಲರ್ಟಿಗಿಂತ ಮೊದಲೇ ಮಾತಾಡಿತು. ನಮ್ಮ ರಾಜ್ಯದಲ್ಲೂ ಪಂಚಾಯಿತಿಗೊಂದು ಮಳೆಮಾಪಕ ಇದೆ, ಅದರ ಲೆಕ್ಕವನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇಡುತ್ತದೆ. ಜಡಿಮಳೆಯ ದಿನಗಳಲ್ಲಿ ನಿಮ್ಮ ಪಂಚಾಯಿತಿಯ ಮಳೆ ಎಷ್ಟು ಎಂದು ಪಿಡಿಒ ಅವರನ್ನು ಕೇಳಿ, ಊರಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ದಿನಾ ಹಾಕಲು ಹೇಳಿ.

ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆಗೂ ವಯನಾಡಿನಲ್ಲೇ ಪಾಠವಿದೆ. ಜರಿತ ಶುರುವಾದದ್ದು ಪುಂಜಿರಿಮಟ್ಟದ ಮೇಲಿನ ಬೆಟ್ಟದಲ್ಲಿ. ಅದು ಹೊಳೆ ಹಿಡಿದು ಕಿಲೋಮೀಟರ್‌ಗಟ್ಟಲೆ ಇಳಿದು, ಬೆಟ್ಟದಿಂದ ಎಷ್ಟೋ ಕೆಳಗಿದ್ದ ಚೂರಲ್‌ಮಲದ ಪೇಟೆಯನ್ನೇ ಕೊಚ್ಚಿತು. ಚಾಮರಾಜನಗರ, ಮಂಡ್ಯ ಕಡೆಯಿಂದ ಹೋಗಿ ಅಲ್ಲಿ ನೆಲೆಸಿದ್ದ ನಮ್ಮವರೂ ಸತ್ತರು. ಅದೇ ತಿಂಗಳು 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗೆ ಕುಸಿದ ಗುಡ್ಡ ಗಂಗಾವಳಿ ನದಿಗೆ ಬಿತ್ತು. ನದಿ ನೀರು ಅಲೆಯಾಗಿ ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ನುಗ್ಗಿತು. ಹಾಗಾಗಿ ಸಂಬಂಧಿಕರ ಮನೆ ಗುಡ್ಡದಿಂದ ದೂರ ಇದೆ ಎಂದರೆ ಸಾಲದು. ಅದು ಅದೇ ತೋಡು, ಅದೇ ಹೊಳೆಯ ದಡದಲ್ಲಿ ಇರಬಾರದು. ಅಲ್ಲಿಗೆ ಹೋಗುವ ದಾರಿಯೂ ಬರೆಯ ಬುಡದಲ್ಲೋ ತೋಡು ದಾಟಿಯೋ ಹೋಗಬಾರದು. ಕಾಳಜಿ ಕೇಂದ್ರ, ಅಂದರೆ ಸರ್ಕಾರದ ಪರಿಹಾರ ಕೇಂದ್ರ, ಯಾವ ಶಾಲೆಯಲ್ಲಿ ತೆರೆಯುತ್ತಾರೆ ಎಂದು ಮೊದಲೇ ಕೇಳಿ, ಒಮ್ಮೆ ಹೋಗಿ ನೋಡಿ ಬನ್ನಿ. ಹೆಂಗಸರಿಗೆ ಪಾಯಿಖಾನೆ ಇದೆಯಾ, ಚಿಲಕ ಇದೆಯಾ, ಅತ್ತೆಗೆ ಮೆಟ್ಟಿಲು ಹತ್ತಲು ಆಗುತ್ತದಾ? ಇಲ್ಲದಿದ್ದರೆ ಮೇ ತಿಂಗಳಲ್ಲೇ ಗ್ರಾಮಸಭೆಯಲ್ಲಿ ಹೇಳಿ. ಕೇಂದ್ರ ಸರಿಯಿಲ್ಲ ಎಂಬ ಒಂದೇ ಕಾರಣಕ್ಕೆ ಮನೆ ಬಿಡದವರು ಬಹಳ ಜನ ಇದ್ದಾರೆ.

ಹಸುಗಳ ಬಗ್ಗೆ ಬರೆದದ್ದು ಒಳ್ಳೆಯದಾಯಿತು. ಜನ ಮನೆ ಬಿಡದಿರುವುದು ತಿಳಿವಳಿಕೆ ಇಲ್ಲದೆ ಎಂದು ಅಧಿಕಾರಿಗಳು ಎಷ್ಟೋ ಸಲ ಅಂದುಕೊಳ್ಳುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಜನ ನಿಲ್ಲುವುದು ಹಸುವಿಗಾಗಿ, ಕೂಲಿಗಾಗಿ, ಬಿಟ್ಟು ಹೋದರೆ ಜಾಗ ಹೋದೀತು ಎಂಬ ಭಯಕ್ಕೆ. ಬಾಂಗ್ಲಾದೇಶ ಇದನ್ನು ಬಹಳ ನೋವು ತಿಂದು ಕಲಿಯಿತು. 1970ರ ಭೋಲಾ ಚಂಡಮಾರುತದಲ್ಲಿ ಅಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಸತ್ತರು ಎಂಬ ಅಂದಾಜಿದೆ. ಆಮೇಲೆ ಅವರು ಊರೂರಲ್ಲಿ ಸ್ವಯಂಸೇವಕರನ್ನು ತಯಾರು ಮಾಡಿದರು, ಆಶ್ರಯ ಕಟ್ಟಡ ಕಟ್ಟಿದರು. ದನಕರುಗಳಿಗೆ ಎಂದೇ ಮಣ್ಣಿನ ಎತ್ತರದ ದಿಬ್ಬ ಮಾಡಿದರು, ಅದಕ್ಕೆ ಕಿಲ್ಲಾ ಎನ್ನುತ್ತಾರೆ. ದನಕ್ಕೆ ಜಾಗ ಇದ್ದರೆ ಜನವೂ ಹೊರಡುತ್ತಾರೆ. 2020ರಲ್ಲಿ ಅಂಫಾನ್ ಚಂಡಮಾರುತ ಬಂದಾಗ ಅಲ್ಲಿ 20 ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲೇ ಸಾಗಿಸಿದ್ದರು. ನಿಮ್ಮ ಪಂಚಾಯಿತಿ ಮನಸ್ಸು ಮಾಡಿದರೆ ಕಾಳಜಿ ಕೇಂದ್ರದ ಹತ್ತಿರ ಒಂದು ಶೆಡ್ಡು, ನಾಲ್ಕು ದಿನದ ಹುಲ್ಲು ದೊಡ್ಡ ವಿಷಯವಲ್ಲ. ಬರೀ ನೋಟಿಸ್ ಅಂಟಿಸಿ ಹೋಗುವುದಕ್ಕಿಂತ ಇದು ಸಾವಿರ ಪಾಲು ಮೇಲು. ಅಷ್ಟರವರೆಗೆ ಸುರಕ್ಷಿತ ಜಾಗದಲ್ಲಿರುವ ಒಂದು ಮನೆಯವರ ಜೊತೆ ಈಗಲೇ ಮಾತಾಡಿಕೊಳ್ಳಿ. ಸಾಗಿಸಲು ಸಮಯವೇ ಇಲ್ಲದಿದ್ದರೆ ಹಗ್ಗ ಬಿಚ್ಚಿ ಬಿಟ್ಟುಬಿಡಿ. ಕಟ್ಟಿದ ಹಸು ಸಾಯುತ್ತದೆ, ಬಿಚ್ಚಿದ್ದು ಎಷ್ಟೋ ಸಲ ಬದುಕುತ್ತದೆ.

ಪೈಸಾರಿ ಜಾಗ ಎಂದಿದ್ದೀರಿ. ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಯನ್ನು ಸಕ್ರಮ ಮಾಡುವ 94ಸಿ ಕಲಂ ಅಡಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿದ್ದರೆ ಅದರ ರಸೀದಿ, ರೇಷನ್ ಕಾರ್ಡ್, ಆಧಾರ್, ಕರೆಂಟ್ ಬಿಲ್, ಪಾಸ್‌ಬುಕ್ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಗಿಲ ಹತ್ತಿರ ನೇತುಹಾಕಿ. ಮಳೆಗಾಲಕ್ಕೆ ಮೊದಲೇ ಮನೆಯ ನಾಲ್ಕೂ ಕಡೆಯ ಫೋಟೋ, ಹಸುಗಳ ಕಿವಿ ಓಲೆ ನಂಬರಿನ ಫೋಟೋ ತೆಗೆದು ಬೇರೆ ಊರಿನಲ್ಲಿರುವ ಒಬ್ಬರಿಗೆ ಕಳಿಸಿಡಿ. ವಿಪತ್ತು ಪರಿಹಾರ ನಿಧಿಯ 2022ರ ಕೇಂದ್ರ ನಿಯಮದಲ್ಲಿ ಗುಡ್ಡಗಾಡಿನ ಪೂರ್ತಿ ಹಾಳಾದ ಮನೆಗೆ 1.30 ಲಕ್ಷ ರೂಪಾಯಿ, ಸತ್ತ ಹಾಲು ಕೊಡುವ ಹಸುವಿಗೆ 37,500 ರೂಪಾಯಿ ಇತ್ತು. ರಾಜ್ಯ ಸರ್ಕಾರ ಕೆಲವೊಮ್ಮೆ ಮೇಲೆ ಸೇರಿಸಿ ಕೊಡುತ್ತದೆ. ದಾಖಲೆ ಇಲ್ಲದಿದ್ದರೆ ಅದಕ್ಕೆ ಅಲೆದಾಟ ತಪ್ಪುವುದಿಲ್ಲ. ಇದರ ಜೊತೆಗೆ ತಹಶೀಲ್ದಾರರಿಗೆ ಒಂದು ಅರ್ಜಿ ಬರೆಯಿರಿ: ನೋಟಿಸ್ ಕೊಟ್ಟಿದ್ದೀರಿ, ಭೂವಿಜ್ಞಾನಿಯಿಂದ ನಮ್ಮ ಜಾಗ ಪರಿಶೀಲನೆ ಮಾಡಿಸಿ ಲಿಖಿತ ವರದಿ ಕೊಡಿ ಎಂದು. ಹತ್ತು ಮನೆಯವರು ಸೇರಿ ಸಹಿ ಮಾಡಿದರೆ ತೂಕ ಬರುತ್ತದೆ. ವರದಿಯಲ್ಲಿ ಇದು ವಾಸಕ್ಕೆ ಯೋಗ್ಯವಲ್ಲ ಎಂದು ಬಂದರೆ ಬೇರೆ ಕಡೆ ಮನೆ ಕೇಳಲು ಅದೇ ಆಧಾರ. 2018ರ ಸಂತ್ರಸ್ತರಿಗೆ ಜಂಬೂರು, ಮಾದಾಪುರ ಮುಂತಾದ ಕಡೆ ಮನೆ ಕೊಟ್ಟರು. ಹಾಗೆ ಮನೆ ಸಿಗುವುದಾದರೆ ಕೆಲಸದ ಜಾಗಕ್ಕೆ ಎಷ್ಟು ದೂರ, ಬಸ್ ಇದೆಯಾ, ಹಸು ಕಟ್ಟಲು ಜಾಗವಿದೆಯಾ ಎಂದು ಒಪ್ಪುವ ಮೊದಲೇ ಕೇಳಿ, ಬರಹದಲ್ಲಿ ಪಡೆಯಿರಿ.

ಮಳೆ ನಿಂತ ಮರುಗಳಿಗೆ ಮನೆಗೆ ವಾಪಸ್ ಹೋಗಬೇಡಿ. ಒಳಗಿನ ನೀರು ಬಸಿದು ಹೋಗಲು ದಿನಗಳೇ ಬೇಕು, ಬಿಸಿಲು ಬಂದ ಮೇಲೂ ಗುಡ್ಡ ಜರಿದದ್ದಿದೆ. ಕನಿಷ್ಠ ಎರಡು ಮೂರು ದಿನ ಬಿಟ್ಟು, ಹಗಲಲ್ಲಿ, ಮೊದಲು ಒಬ್ಬರು ಹೋಗಿ ಗೂಟ, ಪೆನ್ಸಿಲ್ ಗೆರೆ, ಒರತೆ ನೋಡಿ ಬರಲಿ. ಏನಾದರೂ ಬದಲಾಗಿದ್ದರೆ ಜಿಲ್ಲಾ ತುರ್ತು ಕೇಂದ್ರದ 1077ಕ್ಕೆ ಫೋನ್ ಮಾಡಿ. ಗೂಟಗಳ ಅಳತೆ ಮತ್ತು ಮಳೆ ಲೆಕ್ಕ ಬರೆದ ಪುಟದ ಫೋಟೋವನ್ನು ನನಗೂ ಕಳಿಸಿ. ನೋಡಿ ಹೇಳುತ್ತೇನೆ.